ಏಳನೇ ಗೂಡಿನ ಅಳಿಯ

ದೊರೆಯ ಮೂಗು ಎರಡನೇ ಸಲವೂ ಕೆಟ್ಟಿತೆಂದು ವರ್ಕ್‌ಶಾಪಿನಿಂದ ಮೆಸೇಜು ಬಂದಾಗ ನಾನು ದುಬೈಯ ಜುಮೇರಾ ಲೇಕ್ ಟವರ್ಸ್‌ನ ನಮ್ಮ ಆಫೀಸಿನಲ್ಲಿ ಕೂತು, ಎಲ್ಲವೂ ಸರಿಯಾಗಿ ನಡೆಯುತ್ತಿದೆ ಎಂದು ಮ್ಯಾನೇಜರಿಗೆ ಹೇಳುತ್ತಿದ್ದೆ. ಫೋನನ್ನು ಮೇಜಿನ ಕೆಳಗೆ ಹಿಡಿದು ಓದಿದೆ. ‘ಮೂಗಿನಲ್ಲಿ ಗುಳ್ಳೆ. ಮತ್ತೆ ಎರೆಯಬೇಕು.’ ನಗುಮುಖ ಹಾಗೇ ಇಟ್ಟುಕೊಂಡು ಇನ್ನೂ ಎರಡು ಸ್ಲೈಡು ತೋರಿಸಿದೆ.

ದೊರೆ ಎಂದು ಕರೆಯುತ್ತಿದ್ದುದು ಶತಮಾನಗಳ ಹಿಂದೆ ಸತ್ತ ಒಬ್ಬ ಇಂಗ್ಲಿಷ್ ಸರದಾರನನ್ನು. ಹುಡುಗನಾಗಿದ್ದಾಗಲೇ ಫ್ರಾನ್ಸಿನ ಯುದ್ಧಕ್ಕೆ ಹೋದವನು. ಸೆರೆ ಸಿಕ್ಕಿ ವರ್ಷಗಟ್ಟಲೆ ಅಲ್ಲಿಯ ಕೋಟೆಯೊಂದರಲ್ಲಿ ಕೊಳೆತವನು. ಆ ಕಾಲದಲ್ಲಿ ಊರು, ಹೊಲ, ಆಳುಕಾಳು ಎಲ್ಲವನ್ನೂ ಹೆಂಡತಿಯೇ ನೋಡಿಕೊಂಡಳು. ಬಿಡುಗಡೆಯಾಗಿ ಬಂದವನು ಸುಮ್ಮನೆ ಕೂರದೆ ಮತ್ತೆ ಯುದ್ಧಕ್ಕೆ ಹೋದ, ಇಬ್ಬರು ಗಂಡುಮಕ್ಕಳನ್ನೂ ಕರೆದುಕೊಂಡು ಹೋದ, ಇಬ್ಬರನ್ನೂ ಕಳೆದುಕೊಂಡು ಬಂದ. ಉಳಿದವಳು ಮಗಳೊಬ್ಬಳು. ಕೊನೆಗಾಲದಲ್ಲಿ ತನ್ನ ಊರಿನಲ್ಲಿ ಒಂದು ಶಾಲೆ ಕಟ್ಟಿಸಿ, ತನ್ನ ಗೋರಿಯನ್ನೂ ತಾನೇ ಮಾಡಿಸಿಟ್ಟು ತೀರಿಕೊಂಡ. ಆ ಶಾಲೆ ಈಗಲೂ ಇದೆ. ಅದರ ಶಾಖೆಯೊಂದು ಅಬುಧಾಬಿಯ ಖಲೀಫಾ ಸಿಟಿಯಲ್ಲಿ ಶುರುವಾಗುವುದಿತ್ತು. ಹೊಸ ಕಟ್ಟಡದ ಹಾಲಿನಲ್ಲಿ ಸಂಸ್ಥಾಪಕನ ಗೋರಿಯ ಪ್ರತಿಕೃತಿ, ಅಳತೆಯಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಬೇಕು ಎಂದು ಅವರು ಕೇಳಿದ್ದರು.

ನಮ್ಮದು ಮ್ಯೂಸಿಯಂ, ಪ್ರದರ್ಶನಗಳಿಗೆ ಬೇಕಾದ್ದನ್ನು ಮಾಡಿಕೊಡುವ ಕಂಪನಿ. ಅಲ್ಲಿಯವರೆಗೆ ನಾನು ಬೇರೆಯವರ ಪ್ರಾಜೆಕ್ಟುಗಳಿಗೆ ಡ್ರಾಯಿಂಗ್ ಮಾಡಿಕೊಡುತ್ತಿದ್ದವಳು. ಇದು ನನ್ನ ಕೈಗೇ ಪೂರ್ತಿ ಬಂದ ಮೊದಲ ಕೆಲಸ. ಮ್ಯಾನೇಜರ್ ಜೋರ್ಡಾನಿನವರು, ಮಾತು ಸಿಹಿ, ಲೆಕ್ಕಾಚಾರ ಖಾರ. “ಉದ್ಘಾಟನೆಗೆ ದೊಡ್ಡವರು ಬರ್ತಾರೆ. ತಾರೀಕು ಜಾರಿದರೆ ನೀನು ವಾಪಸ್ ಡ್ರಾಯಿಂಗ್ ಟೇಬಲ್ಲಿಗೆ, ಖಲಾಸ್” ಎಂದು ಮೊದಲ ದಿನವೇ ನಗುತ್ತ ಹೇಳಿದ್ದರು. ಅವರು ನಗುತ್ತ ಹೇಳಿದ್ದನ್ನು ನಗುತ್ತಲೇ ಮಾಡಿಯೂ ಬಿಡುತ್ತಾರೆ ಎಂದು ನನಗೆ ಗೊತ್ತಿತ್ತು.

ಗೋರಿಯೆಂದರೆ ಸುಮ್ಮನೆ ಕಲ್ಲಿನ ಪೆಟ್ಟಿಗೆಯಲ್ಲ. ಮೇಲೆ ದೊರೆ ಮತ್ತು ಅವನ ಹೆಂಡತಿ ಅಕ್ಕಪಕ್ಕ ಮಲಗಿದ್ದಾರೆ, ಅವನು ಕವಚ ತೊಟ್ಟು, ಅವಳು ತಲೆಗೆ ಮುಸುಕು ಹಾಕಿ. ಪೆಟ್ಟಿಗೆಯ ಎರಡೂ ಬದಿಗೆ ನಾಲ್ಕು ನಾಲ್ಕು ಗೂಡು. ಒಂದೊಂದು ಗೂಡಿನಲ್ಲಿ ಬಂಧುಗಳ ಗೇಣುದ್ದದ ಗೊಂಬೆಗಳು, ಕೆಳಗೆ ಅವರವರ ಮನೆತನದ ಗುರುತು ಕೆತ್ತಿದ ಗುರಾಣಿ. ಶಾಲೆಯವರು ಗೊತ್ತುಮಾಡಿದ ಇತಿಹಾಸಕಾರ್ತಿ ಒಬ್ಬರು ಇಂಗ್ಲೆಂಡಿನಿಂದ ವಿಡಿಯೋದಲ್ಲಿ ನಮಗೆ ಪಾಠ ಮಾಡಿದರು. ದೊರೆಯ ಮನೆತನದ ಗುರುತು ಸಿಂಹ. ಮದುವೆಯಾದವರ ಗುರಾಣಿಯನ್ನು ನಡುವೆ ಗೆರೆ ಎಳೆದು ಎರಡು ಪಾಲು ಮಾಡುತ್ತಾರೆ, ಒಂದು ಪಾಲಿನಲ್ಲಿ ಗಂಡನ ಮನೆಯ ಗುರುತು, ಇನ್ನೊಂದರಲ್ಲಿ ಹೆಂಡತಿಯ ತವರಿನದು. ಅಪ್ಪ ಬದುಕಿರುವಾಗ ಹಿರಿಯ ಮಗ ಅಪ್ಪನ ಗುರುತನ್ನೇ ಹಾಕಿಕೊಳ್ಳಬಹುದು, ಆದರೆ ಮೇಲ್ಗಡೆ ಮೂರು ಹಲ್ಲಿನ ಒಂದು ಪಟ್ಟಿ ಇರಬೇಕು. ನಮ್ಮ ಶಿಲ್ಪಿ ಅದಕ್ಕೆ ಬಾಚಣಿಗೆ ಎಂದು ಹೆಸರಿಟ್ಟರು. ಆಮೇಲೆ ಆ ಇತಿಹಾಸಕಾರ್ತಿಯೂ ನಮ್ಮ ಜೊತೆ ಮಾತಾಡುವಾಗ ಕೋಂಬ್ ಎನ್ನತೊಡಗಿದರು.

ಶಿಲ್ಪಿ ಕುಂದಾಪುರದ ಕಡೆಯವರು, ನನ್ನ ಊರಿನವರೇ. ಎಲ್ಲರೂ ಅವರನ್ನು ಆಚಾರ್ರು ಎನ್ನುವುದು. ಇಂಗ್ಲೆಂಡಿನಿಂದ ಬಂದ ಸ್ಕ್ಯಾನಿನಿಂದ ಮೆಷಿನ್ನು ಗಟ್ಟಿ ಫೋಮಿನಲ್ಲಿ ಒರಟು ಆಕಾರ ಕೊರೆದು ಕೊಡುತ್ತಿತ್ತು. ಅದರ ಮೇಲೆ ಆಚಾರ್ರು ಜೇಡಿಮಣ್ಣು ಮೆತ್ತಿ ಕಣ್ಣು, ಬೆರಳು, ಬಟ್ಟೆಯ ಮಡಿಕೆ ತಿದ್ದುತ್ತಿದ್ದರು. ಆಮೇಲೆ ರಬ್ಬರಿನ ಅಚ್ಚು, ಅಚ್ಚಿನ ಬೆನ್ನಿಗೆ ಫೈಬರ್ ಕವಚ, ಕೊನೆಗೆ ಅಮೃತಶಿಲೆಯ ಪುಡಿ ಬೆರೆಸಿದ ರೆಸಿನ್ ಎರೆಯುವುದು. ಬೇಸಗೆಯಲ್ಲಿ ವರ್ಕ್‌ಶಾಪಿನ ಏಸಿ ಎಷ್ಟು ಬಡಕೊಂಡರೂ ರೆಸಿನ್ ಬಕೆಟ್ಟಿನಲ್ಲೇ ಬಿಸಿಯಾಗಿ ಬೇಗ ಗಟ್ಟಿಯಾಗುತ್ತಿತ್ತು. ಗಾಳಿ ಹೊರಬರಲು ಸಮಯ ಸಿಗದೆ ಮೂಗಿನ ತುದಿಯಲ್ಲಿ ಗುಳ್ಳೆ ನಿಲ್ಲುತ್ತಿತ್ತು. ಪುಡಿಯನ್ನು ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟು, ಮುಂಜಾನೆಯೇ ಎರೆದು, ಮೂಗಿನ ಭಾಗಕ್ಕೆ ಮೊದಲು ಬ್ರಷ್ಷಿನಲ್ಲಿ ತೆಳುವಾಗಿ ಬಳಿದೆವು. ಮೂರನೇ ಸಲ ದೊರೆಗೆ ಚೂಪಾದ ಚೆಂದದ ಮೂಗು ಬಂತು. ವರ್ಕ್‌ಶಾಪಿನ ಫ್ರಿಜ್ಜಿನಲ್ಲಿ ಊಟದ ಡಬ್ಬ ಇಡಲು ಜಾಗವಿಲ್ಲವೆಂದು ಉಳಿದವರು ಗೊಣಗುತ್ತಿದ್ದರು, ನಾನು ಕೇಳಿಸಿಕೊಳ್ಳಲಿಲ್ಲ.

ಅದೇ ಹೊತ್ತಿಗೆ ಅಪ್ಪಯ್ಯ ವಿಸಿಟ್ ವೀಸಾದಲ್ಲಿ ಸತ್ವಾದ ನಮ್ಮ ಮನೆಗೆ ಬಂದಿದ್ದರು. ಊರಿನಲ್ಲಿ ಬಸ್ ಏಜೆಂಟರಾಗಿದ್ದವರು, ಒಂದು ಕಡೆ ಕೂತು ಗೊತ್ತಿಲ್ಲ. ಬಂದ ವಾರದಲ್ಲೇ ಸತ್ವಾದ ಟೈಲರುಗಳೆಲ್ಲರ ಪರಿಚಯ ಮಾಡಿಕೊಂಡು, ಯಾವ ಬಸ್ಸು ಎಲ್ಲಿಗೆ ಎಷ್ಟು ಹೊತ್ತಿಗೆ ಎಂದು ನಮಗೇ ಹೇಳತೊಡಗಿದರು. ನನ್ನ ಕೆಲಸದ ಫೋಟೋ ನೋಡಿ ಮಾತ್ರ ಅವರ ಮುಖ ಸಣ್ಣದಾಯಿತು.

“ಮಕ್ಳ್ ಓದೂ ಶಾಲಿ ಬಾಗ್ಲಗೆ ಗೋರಿಯಾ ಹೆಣೆ? ನಿಂಗೆ ಬೇರೆ ಎಂತದೂ ಸಿಕ್ಲಿಲ್ಯಾ ಮಾಡುಕೆ?”

“ಗೋರಿ ಅಲ್ಲ ಅಪ್ಪಯ್ಯ, ಸ್ಮಾರಕ.”

“ಒಳಗೆ ಯಾರೂ ಇಲ್ಯಲೆ?”

ಇಲ್ಲ ಎಂದ ಮೇಲೆಯೇ ಅವರು ಫೋಟೋವನ್ನು ಮತ್ತೆ ಕೈಗೆ ತೆಗೆದುಕೊಂಡದ್ದು.

ಗೂಡುಗಳ ಕೆಲಸಕ್ಕೆ ಬಂದಾಗ ಎಡವಟ್ಟಾಯಿತು. ಸ್ಕ್ಯಾನಿನಲ್ಲಿ ಆರು ಗುರಾಣಿಗಳು ಸ್ಪಷ್ಟವಾಗಿದ್ದವು. ಮೂರನೇ ಗೂಡಿನಲ್ಲಿ ದೊರೆಯ ತಂಗಿ ಮತ್ತು ಅವಳ ಗಂಡ, ಗುರಾಣಿಯಲ್ಲಿ ಅವನ ಮನೆಯ ಮೂರು ನಕ್ಷತ್ರ, ಪಕ್ಕದಲ್ಲಿ ಅವಳ ತವರಿನ ಸಿಂಹ. ಎಂಟನೆಯದು ಒಬ್ಬ ಪಾದ್ರಿಯದು, ಅವನಿಗೆ ಗುರಾಣಿಯೇ ಇಲ್ಲ. ಏಳನೆಯದು ಸವೆದು ಹೋಗಿತ್ತು. ಅದರಲ್ಲಿ ಗಂಡಹೆಂಡಿರ ಜೋಡಿ ಇತ್ತು, ದೊರೆಯ ಮಗಳು ಮತ್ತು ಅವಳ ಗಂಡ ಇರಬಹುದೆಂದು ಇತಿಹಾಸಕಾರ್ತಿಯ ಊಹೆ. ಗಂಡ ಯಾವ ಮನೆತನದವನೋ ಗೊತ್ತಿಲ್ಲವಾದ್ದರಿಂದ ಅವನ ಪಾಲನ್ನು ಬೋಳು ಬಿಡಿ, ಮಗಳ ಪಾಲಿಗೆ ಸಿಂಹ ಹಾಕಿ ಎಂದಿದ್ದರು. ನಾನು ಮೆಟ್ರೋದಲ್ಲಿ ನಿಂತುಕೊಂಡೇ ಆಚಾರ್ರಿಗೆ ಫೋನ್ ಮಾಡಿದೆ. “ಏಳನೇ ಗೂಡಿನಲ್ಲಿ ಮಗಳು ಮತ್ತು ಅಳಿಯ. ಮಗಳದ್ದು ಸಿಂಹ. ಅಳಿಯನದ್ದು…” ಎನ್ನುವಷ್ಟರಲ್ಲಿ ಸಿಗ್ನಲ್ ಹೋಯಿತು. ಮತ್ತೆ ಮಾಡಿದೆನೆಂದೇ ನನ್ನ ನೆನಪು. ಮಾಡಿರಲಿಲ್ಲ.

ಮುಂದಿನ ಸಲ ವರ್ಕ್‌ಶಾಪಿಗೆ ಹೋದಾಗ ಏಳನೇ ಗೂಡಿನ ಗುರಾಣಿ ತಯಾರಾಗಿತ್ತು. ಒಂದು ಪಾಲಿನಲ್ಲಿ ಸಿಂಹ, ಇನ್ನೊಂದು ಪಾಲಿನಲ್ಲಿ ಮೂರು ನಕ್ಷತ್ರ. ಮೂರನೇ ಗೂಡಿನದ್ದರ ತದ್ರೂಪು. ನನ್ನ ತಲೆ ಕಾದು ಹೋಯಿತು.

“ಇದೇನು ಆಚಾರ್ರೆ, ಮೂರನೆಯದನ್ನೇ ಇಲ್ಲಿಗೂ ಅಂಟಿಸಿದ್ದೀರಿ?”

“ಅಂಟಿಸಿದ್ದಲ್ಲ ಮೇಡಂ, ಬೇರೆಯೇ ಕೆತ್ತಿದ್ದ್. ಅಳಿಯ ಅಂದಿದ್ರಿ ಅಲ್ದಾ ನೀವು?”

“ಅಳಿಯ ಅಂದರೆ ಮಗಳ ಗಂಡ!”

“ನಾನು ತಂಗಿ ಮಗ ಅಂದ್ಕಂಡೆ ಮರ್ರೆ. ತಂಗಿ ಮಗ ಆದ್ರೆ ಅವ್ನ ಅಪ್ಪನ್ ಗುರ್ತೇ ಬರ್ಕಲ್ದಾ? ಅಪ್ಪಂದು ನಕ್ಷತ್ರ. ಹಂಗಾಯಿ ನಕ್ಷತ್ರ ಹಾಕ್ದೆ.”

ನಮ್ಮ ಭಾಷೆಯಲ್ಲಿ ಸೋದರಳಿಯನೂ ಅಳಿಯ, ಮಗಳ ಗಂಡನೂ ಅಳಿಯ. ಇಬ್ಬರು ಕನ್ನಡಿಗರು ಇಂಗ್ಲಿಷ್ ಗೋರಿಯ ಬಗ್ಗೆ ಕನ್ನಡದಲ್ಲಿ ಮಾತಾಡಿದರೆ ಇನ್ನೇನಾಗುತ್ತದೆ? ತಪ್ಪು ಯಾರದೆಂದು ಹುಡುಕುವಷ್ಟು ವ್ಯವಧಾನವಿರಲಿಲ್ಲ. ನಕ್ಷತ್ರ ಕೆರೆದು ಬೋಳು ಮಾಡಿ ಎಂದು ಹೇಳಿ ಬಿರಬಿರನೆ ಹೊರಬಂದೆ. ಆಚಾರ್ರು ಬೇಸರ ಮಾಡಿಕೊಳ್ಳಲಿಲ್ಲ, ಟೀ ಕುಡಿದ ಮೇಲೆ ಕೆರೆಯುತ್ತೇನೆ ಎಂದರು. ಆ ಟೀಗೆ ನಾನು ಇವತ್ತಿಗೂ ಋಣಿ.

ಯಾಕೆಂದರೆ ನಾನು ಕಾರ್ ಹತ್ತುವ ಮೊದಲೇ ಇಂಗ್ಲೆಂಡಿನಿಂದ ಕರೆ ಬಂತು. ಇತಿಹಾಸಕಾರ್ತಿ ಚರ್ಚಿಗೆ ಹೋಗಿ ಏಳನೇ ಗುರಾಣಿಯನ್ನು ಮತ್ತೆ ಹತ್ತಿರದಿಂದ ನೋಡಿದ್ದರಂತೆ. ಬೆರಳಾಡಿಸಿದಾಗ ಕಲ್ಲಿನ ಮೇಲೆ ಅವರಿಗೆ ತಿಳಿದದ್ದು ಮೂರು ನಕ್ಷತ್ರ, ಪಕ್ಕದಲ್ಲಿ ಸಿಂಹದ ಬಾಲ. ಅವರ ದನಿಯಲ್ಲಿ ಉತ್ಸಾಹವಿರಲಿಲ್ಲ. “ಅಂದರೆ ಅದು ಮಗಳ ಗೂಡಲ್ಲ. ಹಿಂದೆ ಯಾವಾಗಲೋ ಗೋರಿ ಒಡೆದಾಗ ರಿಪೇರಿ ಮಾಡಿದವರು ಮೂರನೇ ಗೂಡನ್ನು ನೋಡಿ ಇದನ್ನು ನಕಲು ಮಾಡಿದ್ದಾರೆ. ಮಗಳ ಗೂಡು ಕಳೆದುಹೋಗಿದೆ. ಪ್ರತಿಕೃತಿಯಲ್ಲಿ ಏಳನೆಯದನ್ನು ಖಾಲಿ ಬಿಡುವುದೇ ಪ್ರಾಮಾಣಿಕ” ಎಂದರು. ಶಾಲೆಯವರೂ ಒಪ್ಪಿದರಂತೆ.

ಮ್ಯಾನೇಜರಿಗೆ ಇದು ಸಿಹಿಸುದ್ದಿ. “ಕೆಲಸ ಕಡಿಮೆಯಾಯಿತು. ಗೂಡು ಖಾಲಿ, ಖಲಾಸ್. ಯಲ್ಲಾ, ನಡಿ, ಮುಂದಿನದು ನೋಡು.”

ನನಗೆ ಮಾತ್ರ ಅದು ಸಿಹಿಯೆನಿಸಲಿಲ್ಲ. ಆ ಮಗಳ ಗೊಂಬೆಯನ್ನು ಆಚಾರ್ರು ಆಗಲೇ ಎರೆದು ಮುಗಿಸಿದ್ದರು. ತಲೆ ಸ್ವಲ್ಪ ಮೇಲೆತ್ತಿ, ಮಲಗಿದ ಅಪ್ಪನ ಕಡೆಗೇ ನೋಡುತ್ತಿದ್ದಾಳೆ. ಇಬ್ಬರು ಅಣ್ಣಂದಿರು ಒಂದು, ಎರಡನೇ ಗೂಡಿನಲ್ಲಿದ್ದಾರೆ. ಅಪ್ಪ ಸೆರೆಯಲ್ಲಿದ್ದಾಗ ತಾಯಿಯ ಜೊತೆ ಮನೆ ಕಾಯ್ದವಳು, ಕೊನೆಗೆ ಉಳಿದ ಒಬ್ಬಳೇ ಒಬ್ಬಳು, ಅವಳನ್ನು ಅಪ್ಪನ ಬಳಿಯಿಂದ ಎತ್ತಿ ಗೋದಾಮಿನ ಕಪಾಟಿನಲ್ಲಿಡಬೇಕು. ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗದ ಸಿಟ್ಟು ಇನ್ನೂ ಕೆಟ್ಟದ್ದು, ಮನೆಗೆ ಹೋಗಿ ಗಂಡನ ಮೇಲೆ ಹಾಯಬೇಕಾಗುತ್ತದೆ.

ಶನಿವಾರ ಮಧ್ಯಾಹ್ನ ಅಪ್ಪಯ್ಯನೇ ಮಾರ್ಕೆಟ್ಟಿಗೆ ಹೋಗಿ ಬಂಗುಡೆ ತಂದು ಸಾರು ಮಾಡಿದ್ದರು. ಊಟಕ್ಕೆ ಕೂತಾಗ ದೊಡ್ಡ ತುಂಡು ನನ್ನ ಗಂಡನ ತಟ್ಟೆಗೆ ಹೋಯಿತು. “ಅಳಿಯಂಗೆ ಹಾಕ್. ಚಡ್ಡಿ ಹಾಕ್ಕಂಬು ಕಾಲದಿಂದ್ಲೂ ಅವ್ನಿಗೆ ಬಂಗ್ಡಿ ಅಂದ್ರೆ ಜೀವ” ಎಂದರು. ಗಂಡ ನಾಚಿಕೆಯಿಲ್ಲದೆ ತಟ್ಟೆ ಮುಂದೆ ಒಡ್ಡಿದರು. “ಸಾಕು ಮಾವ” ಎನ್ನುತ್ತಲೇ ಇನ್ನೊಂದು ತುಂಡೂ ಹಾಕಿಸಿಕೊಂಡರು.

ನಾನು ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿದೆ.

“ಅಪ್ಪಯ್ಯ, ಇವರು ಚಡ್ಡಿ ಹಾಕುವ ಕಾಲದಲ್ಲಿ ನೀವು ಇವರನ್ನು ಏನಂತ ಕರೀತಿದ್ರಿ?”

“ಅಳಿಯ ಅಂತ್ಲೇ. ಮತ್ತೆಂತ ಅಂತ ಕರೀಕ್?”

“ಮದುವೆಯಾದ ಮೇಲೆ?”

“ಅಳಿಯ.” ಅಪ್ಪಯ್ಯ ನನ್ನ ಗಂಡನ ಕಡೆ ತಿರುಗಿದರು. “ಇವ್ಳಿಗೆ ಎಂತ ಆಯ್ತ್ ಮಾರಾಯ? ಬಿಸ್ಲ್ ತಾಗಿತ್ತಾ?”

ನನ್ನ ಅತ್ತೆ ಅಪ್ಪಯ್ಯನ ಸ್ವಂತ ತಂಗಿ. ನಾನು ಸೋದರತ್ತೆಯ ಮಗನನ್ನೇ ಮದುವೆಯಾದವಳು. ನಮಗೂ ಗುರಾಣಿಗಳಿದ್ದಿದ್ದರೆ? ಅತ್ತೆಯದ್ದು, ಒಂದು ಪಾಲಿನಲ್ಲಿ ಅವರ ಗಂಡನ ಮನೆ, ಇನ್ನೊಂದರಲ್ಲಿ ಅಪ್ಪಯ್ಯನ ಮನೆ. ನನ್ನದು, ಒಂದು ಪಾಲಿನಲ್ಲಿ ಗಂಡನ ಮನೆ, ಅಂದರೆ ಅದೇ ಮನೆ. ಇನ್ನೊಂದರಲ್ಲಿ ನನ್ನ ತವರು, ಅದೂ ಅದೇ ಅಪ್ಪಯ್ಯನ ಮನೆ. ಅತ್ತೆಯ ಗುರಾಣಿಗೂ ನನ್ನದಕ್ಕೂ ಗುಲಗಂಜಿಯಷ್ಟೂ ವ್ಯತ್ಯಾಸವಿರುತ್ತಿರಲಿಲ್ಲ! ಏಳನೇ ಗೂಡು ಮೂರನೆಯದರ ನಕಲಲ್ಲ. ದೊರೆ ಮಗಳನ್ನು ತಂಗಿಯ ಮಗನಿಗೇ ಕೊಟ್ಟಿದ್ದ. ಆಚಾರ್ರ ತಪ್ಪು ಕಲ್ಲಿಗೆ ಸರಿಹೊಂದಿದ್ದು ಅದಕ್ಕೇ.

ಯುದ್ಧದ ಕಥನಗಳಲ್ಲಿ ಒಬ್ಬ ಸೋದರಳಿಯ ಬರುತ್ತಾನೆ, ಕೊನೆಯ ಕಾಳಗದಲ್ಲಿ ಗಾಯಗೊಂಡ ದೊರೆಯನ್ನು ಕುದುರೆಗೇರಿಸಿ ತಂದವನು ಎಂದು ಇತಿಹಾಸಕಾರ್ತಿ ಹೇಳಿದ್ದರು. ದೊರೆ ಸತ್ತ ಮೇಲೆ ಆಸ್ತಿ ನೋಡಿಕೊಂಡವನು ಮಗಳ ಗಂಡ ಎಂದೂ ಹೇಳಿದ್ದರು. ಇಂಗ್ಲಿಷಿನಲ್ಲಿ ಅವಕ್ಕೆ ಎರಡು ಬೇರೆ ಬೇರೆ ಪದ, ಹಾಗಾಗಿ ಎಲ್ಲರೂ ಇಬ್ಬರನ್ನು ಹುಡುಕುತ್ತಿದ್ದರು. ಎಡಗೈಯಲ್ಲೇ ಫೋನ್ ಒತ್ತಿದೆ. “ಆಚಾರ್ರೆ, ಕೆರೆದಾಯಿತಾ?”

“ಇಲ್ಲ ಮೇಡಂ. ಗೂಡು ಖಾಲಿ ಬಿಡುದಾದ್ರೆ ಯಂತಕ್ಕೆ ಕೆರೂದು ಅಂದೇಳಿ ಬಿಟ್ಟಿದೆ.”

“ಮುಟ್ಟಬೇಡಿ. ಗೂಡು ಮುಚ್ಚುವುದೂ ಬೇಡ. ನಾನು ಹೇಳುವವರೆಗೆ ಆ ಬದಿಯ ಅಚ್ಚಿಗೆ ಏನನ್ನೂ ಎರೆಯಬೇಡಿ.”

ಹೇಳಿದ ಮೇಲೆ ಲೆಕ್ಕ ಹಾಕಿದೆ. ಆ ಬದಿಯನ್ನು ಎರೆಯದೆ ನಿಲ್ಲಿಸಿದರೆ ಉದ್ಘಾಟನೆ ತಪ್ಪಬಹುದು. ನನ್ನ ಊಹೆ ಸುಳ್ಳಾದರೆ, ಮನೆಯ ಸಂಬಂಧಗಳನ್ನು ಇಂಗ್ಲೆಂಡಿನ ಗೋರಿಗೆ ಮೆತ್ತಲು ಹೋದವಳು ಎಂದು ನಗೆಪಾಟಲಾಗುತ್ತೇನೆ. ಮತ್ತೆ ಬೇರೆಯವರ ಡ್ರಾಯಿಂಗ್ ಮಾಡುತ್ತ ಕೂರಬೇಕಾಗುತ್ತದೆ.

ಸೋಮವಾರ ಮ್ಯಾನೇಜರ್ ಮೊದಲು ಕೂಗಾಡಿದರು. ನಾನು ಕಾಗದದ ಮೇಲೆ ದೊರೆ, ತಂಗಿ, ಮಗಳು, ಮೂವರನ್ನು ಬರೆದು ಗೆರೆ ಎಳೆದೆ. ಅರ್ಧ ಗೆರೆಯಲ್ಲೇ ಅವರು ಕುರ್ಚಿಗೆ ಒರಗಿದರು. “ಅಯ್ಯೋ, ಇಷ್ಟೇನಾ? ನನ್ನ ಹೆಂಡತಿ ನನ್ನ ಚಿಕ್ಕಪ್ಪನ ಮಗಳು.” ನಮ್ಮಲ್ಲಿ ಚಿಕ್ಕಪ್ಪನ ಮಗಳೆಂದರೆ ತಂಗಿ, ಕೇಳಿದರೆ ನನ್ನ ಅತ್ತೆ ಕಿವಿ ಮುಚ್ಚಿಕೊಂಡಾರು. ಆದರೆ ಆ ಹೊತ್ತಿಗೆ ಅವರಷ್ಟು ಹತ್ತಿರದ ನೆಂಟರು ನನಗೆ ಇನ್ನೊಬ್ಬರಿರಲಿಲ್ಲ. “ಬುಧವಾರದವರೆಗೆ ಟೈಮು. ಆಮೇಲೆ ಮಾಫಿ, ಒಂದು ದಿನವೂ ಇಲ್ಲ” ಎಂದರು.

ಇತಿಹಾಸಕಾರ್ತಿ ಒಪ್ಪಲಿಲ್ಲ. ಅವರ ಮಾತಿನಲ್ಲಿ ನ್ಯಾಯವಿತ್ತು. ಅಷ್ಟು ಹತ್ತಿರದ ಸಂಬಂಧದಲ್ಲಿ ಮದುವೆಯಾಗಲು ಅಂದಿನ ಚರ್ಚು ಬಿಡುತ್ತಿರಲಿಲ್ಲ, ಪೋಪರ ವಿಶೇಷ ಅನುಮತಿ ಬೇಕಿತ್ತು, ಅದು ಸಿಗುತ್ತಿದ್ದುದು ತೀರ ಅಪರೂಪ. “ನಿಮ್ಮಲ್ಲಿ ಸಹಜವಾದದ್ದು ಅಲ್ಲಿ ಸಹಜವಲ್ಲ” ಎಂದರು.

“ಸರಿ. ಆದರೆ ಅವನು ತಂಗಿಯ ಮಗನೇ ಆಗಿದ್ದರೆ, ಗೋರಿ ಮಾಡಿಸಿದಾಗ ಅವನ ಅಪ್ಪ ಬದುಕಿದ್ದನಾ?” ಎಂದು ಕೇಳಿದೆ.

“ಬದುಕಿದ್ದ. ದೊರೆಗಿಂತ ಹೆಚ್ಚು ಕಾಲ.”

“ಹಾಗಾದರೆ ನಕ್ಷತ್ರಗಳ ಮೇಲೆ ಬಾಚಣಿಗೆ ಇರಬೇಕಲ್ಲವಾ? ಮೂರನೇ ಗೂಡಿನಲ್ಲಿ ಅಪ್ಪ, ಅಲ್ಲಿ ಬಾಚಣಿಗೆ ಇಲ್ಲ. ಏಳರಲ್ಲಿ ಮಗ, ಅಲ್ಲಿ ಇರಬೇಕು. ನಕಲಾದರೆ ಎರಡರಲ್ಲೂ ಇರುವುದಿಲ್ಲ.”

ಬೆರಳಿಗೆ ಅಂಥದ್ದೇನೂ ತಾಗಲಿಲ್ಲ ಎಂದರು ಅವರು. ನಮಗೆ ಕೊಟ್ಟಿದ್ದ ಸ್ಕ್ಯಾನು ಮೆಷಿನ್ನಿಗೆ ಹಗುರಾಗಲೆಂದು ನಯ ಮಾಡಿದ್ದು. ನಯ ಮಾಡುವಾಗ ಸವೆದ ಗೆರೆಗಳೆಲ್ಲ ಇನ್ನಷ್ಟು ಅಳಿಸಿಹೋಗಿರುತ್ತವೆ. ಮೂಲ ಸ್ಕ್ಯಾನು ಕಳಿಸಿ ಎಂದೆ. ಅವರು ಆ ರಾತ್ರಿಯೇ ಕಳಿಸಿದರು.

ಮಂಗಳವಾರ ಬೆಳಗ್ಗೆ ಆಚಾರ್ರನ್ನೂ ಆಫೀಸಿಗೆ ಕರೆಸಿಕೊಂಡೆ. ಇತಿಹಾಸಕಾರ್ತಿ ವಿಡಿಯೋದಲ್ಲಿದ್ದರು. ಕಂಪ್ಯೂಟರಿನಲ್ಲಿ ಕಲ್ಲಿನ ಬಣ್ಣ ತೆಗೆದು ಬರೀ ಬೂದಿ ಬಣ್ಣ ಇಟ್ಟೆ. ಎದುರಿನಿಂದ ಬೀಳುತ್ತಿದ್ದ ಬೆಳಕನ್ನು ಆರಿಸಿ, ಒಂದೇ ದೀಪವನ್ನು ಕಲ್ಲಿನ ಮೈಗೆ ತಾಗುವಷ್ಟು ಕೆಳಗಿಳಿಸಿದೆ. ಹೀಗೆ ಓರೆ ಬೆಳಕು ಬಿಟ್ಟರೆ ಕೂದಲಿನಷ್ಟು ಉಬ್ಬಿಗೂ ನೆರಳು ಬೀಳುತ್ತದೆ. ಮೊದಲು ಮೂರನೇ ಗುರಾಣಿ. ನಕ್ಷತ್ರಗಳ ಮೇಲೆ ಏನೂ ಇಲ್ಲ, ನಯವಾದ ಕಲ್ಲು. ಆಮೇಲೆ ಏಳನೆಯದು. ದೀಪವನ್ನು ಎಡದಿಂದ ತಿರುಗಿಸಿದೆ, ಏನೂ ಕಾಣಲಿಲ್ಲ. ಬಲದಿಂದ ತಿರುಗಿಸಿದೆ, ಬರೀ ಉಳಿಯ ಗೀರುಗಳು. ಮತ್ತೊಮ್ಮೆ ಎಡಕ್ಕೆ ತಂದೆ, ಅದೇ.

“ಮೇಲಿಂದ ಬಿಡಿ ಕಾಂಬ” ಎಂದರು ಆಚಾರ್ರು.

ಮೇಲಿನಿಂದ ಕೆಳಕ್ಕೆ ಬೆಳಕು ಇಳಿಸಿದೆ. ನಕ್ಷತ್ರಗಳ ಮೇಲ್ಗಡೆ ಅಡ್ಡಕ್ಕೊಂದು ತೆಳು ನೆರಳು. ಅದರಿಂದ ಕೆಳಗೆ ಒಂದು ಹಲ್ಲು. ಪಕ್ಕದಲ್ಲಿ ಇನ್ನೊಂದು. ಮೂರನೆಯದು ಅರ್ಧ ಮುರಿದಿತ್ತು, ಆದರೆ ಇತ್ತು.

“ಬಾಚಣ್ಗಿ!” ಎಂದು ಆಚಾರ್ರು ಕೂಗಿದರು. ಇತಿಹಾಸಕಾರ್ತಿ ಎದ್ದು ನಿಂತದ್ದರಿಂದ ಪರದೆಯಲ್ಲಿ ಅವರ ಸ್ವೆಟರು ಮಾತ್ರ ಕಾಣುತ್ತಿತ್ತು. “ಕೋಂಬ್! ಕೋಂಬ್!” ಎನ್ನುತ್ತಿದ್ದರು. ನಾನು ಅತ್ತುಬಿಟ್ಟೆ. ಗಾಜಿನ ಗೋಡೆಯಾಚೆಯಿಂದ ಇಡೀ ಆಫೀಸು ನೋಡುತ್ತಿತ್ತು, ನೋಡಲಿ ಎಂದು ಅತ್ತೆ.

ಆಮೇಲೆ ಉಸಿರಾಡಲು ಪುರುಸೊತ್ತಿರಲಿಲ್ಲ. ಆಚಾರ್ರು ತಮ್ಮ ನಕ್ಷತ್ರಗಳ ಮೇಲೆ ಬಾಚಣಿಗೆ ಕೂರಿಸಿದರು, ಅರ್ಧ ಮುರಿದ ಹಲ್ಲನ್ನೂ ಹಾಗೆಯೇ ಮುರಿದು. ಆ ಬದಿ ಎರೆದು, ಅಚ್ಚಿನಿಂದ ಬಿಡಿಸಿ, ಹಳೆಯ ಕಲ್ಲಿನ ಬಣ್ಣ ಒರೆಸಿ ಒರೆಸಿ ಹಚ್ಚಿ, ಲಾರಿಯಲ್ಲಿ ಖಲೀಫಾ ಸಿಟಿಗೆ ಸಾಗಿಸಿದೆವು. ದೊರೆಯ ಮೂಗಿಗೆ ಥರ್ಮಾಕೋಲಿನ ಟೊಪ್ಪಿಗೆ ಹಾಕಿದ್ದೆವು. ಶಾಲೆಯ ಹಾಲಿನಲ್ಲಿ ಎಲ್ಲ ಜೋಡಿಸಿದ ಮೇಲೆ ಕೊನೆಗೆ ಮಗಳನ್ನು ನಾನೇ ಎತ್ತಿ ಏಳನೇ ಗೂಡಿನಲ್ಲಿ ಗಂಡನ ಪಕ್ಕ ನಿಲ್ಲಿಸಿದೆ. ಅವಳು ತಲೆಯೆತ್ತಿ ಅಪ್ಪನನ್ನು ನೋಡಿದಳು. ತಾರೀಕು ಜಾರಲಿಲ್ಲ.

ಉದ್ಘಾಟನೆಗೆ ಇತಿಹಾಸಕಾರ್ತಿ ಖುದ್ದಾಗಿ ಬಂದಿದ್ದರು. ಭಾಷಣದಲ್ಲಿ ಗೋರಿಯ ಗುಟ್ಟು ಬಿಡಿಸಿದ್ದು ದುಬೈಯಲ್ಲಿ, ಒಂದು ಕನ್ನಡ ಪದ ಎಂದರು. ‘ಅಳಿಯ’ ಎಂಬುದನ್ನು ಅವರು ಉಚ್ಚರಿಸಿದ ಚೆಂದಕ್ಕೆ ಆಚಾರ್ರು ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದರು. ಇಂಗ್ಲೆಂಡಿನ ಚರ್ಚಿನಲ್ಲಿರುವ ವಿವರಣೆಯನ್ನೂ ತಿದ್ದುತ್ತಾರಂತೆ. ಮ್ಯಾನೇಜರ್ ನನ್ನ ಕಿವಿಯ ಹತ್ತಿರ ಬಂದು, ಮುಂದಿನ ಮ್ಯೂಸಿಯಂ ಕೆಲಸವೂ ನಿನ್ನದೇ, ಯಲ್ಲಾ, ಈಗಲೇ ತಲೆ ಓಡಿಸು ಎಂದರು. ನಾನು ನೆಲದ ಮೇಲೆ ನಡೆಯುತ್ತಿರಲಿಲ್ಲ.

ಜನ ಕರಗಿದ ಮೇಲೆ ಅಪ್ಪಯ್ಯನನ್ನೂ ನನ್ನ ಗಂಡನನ್ನೂ ಗೋರಿಯ ಬಳಿಗೆ ಕರೆದುಕೊಂಡು ಹೋದೆ. ಒಂದೊಂದೇ ಗೂಡು ತೋರಿಸಿ, ಕೊನೆಗೆ ಏಳನೆಯದರ ಮುಂದೆ ನಿಂತು, ಶತಮಾನಗಳಿಂದ ಯಾರಿಗೂ ಗೊತ್ತಾಗದೇ ಇದ್ದದ್ದನ್ನು ಹೇಗೆ ಕಂಡುಹಿಡಿದೆ ಎಂದು ಕೈಬಾಯಿ ತಿರುಗಿಸಿ ವಿವರಿಸಿದೆ. ಅಪ್ಪಯ್ಯ ಸಾವಧಾನವಾಗಿ ಕೇಳಿದರು. ಬಗ್ಗಿ ಆ ಮಗಳ ಮುಖ ನೋಡಿದರು. ಮೇಲೆ ಮಲಗಿದ್ದ ದೊರೆಯನ್ನು ನೋಡಿದರು. ಆಮೇಲೆ ಪಾಪ ಎನ್ನುವಂತೆ ನನ್ನ ಕಡೆ ತಿರುಗಿದರು.

“ಅದ್ರಗೆ ಎಂತ ಇತ್ತ್ ಹೆಣೆ ಕಂಡ್ ಹಿಡುಕೆ? ಇದ್ದದ್ ಒಬ್ಳೇ ಮಗ್ಳ್. ಯಾರಾರೂ ಹೊರಗ್ ಕೊಡ್ತ್ರಾ?”